ಕಿವಿಯ ಮೇಲಿನ ಭಾರ: ಕೆಲಸದ ಹೆಡ್‌ಫೋನಿನ ಚರಿತ್ರೆ

ಹೆಡ್‌ಫೋನನ್ನು ಮೊದಲು ತಲೆಗೇರಿಸಿಕೊಂಡವರು ಸಂಗೀತಪ್ರಿಯರಲ್ಲ, ಸಂಬಳಕ್ಕೆ ದುಡಿಯುತ್ತಿದ್ದವರು. ಅಲೆಕ್ಸಾಂಡರ್ ಗ್ರಹಾಂ ಬೆಲ್ ಟೆಲಿಫೋನಿಗೆ ಪೇಟೆಂಟ್ ಪಡೆದದ್ದು 1876ರಲ್ಲಿ. 1878ರ ಜನವರಿಯಲ್ಲಿ ಅಮೆರಿಕದ ನ್ಯೂ ಹೇವನ್ ಊರಿನಲ್ಲಿ ಮೊದಲ ವಾಣಿಜ್ಯ ಎಕ್ಸ್‌ಚೇಂಜ್ ತೆರೆಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಾಸ್ಟನ್ನಿನ ಎಕ್ಸ್‌ಚೇಂಜಿಗೆ ಎಮ್ಮಾ ನಟ್ ಎಂಬಾಕೆ ಕೆಲಸಕ್ಕೆ ಸೇರಿದಳು. ಮೊದಲ ಮಹಿಳಾ ಟೆಲಿಫೋನ್ ಆಪರೇಟರ್ ಎಂದು ಆಕೆಯ ಹೆಸರು ಉಳಿದಿದೆ. ಅದಕ್ಕೂ ಮುಂಚೆ ಆ ಕುರ್ಚಿಗಳಲ್ಲಿ ಹುಡುಗರು ಕೂರುತ್ತಿದ್ದರು. ಅವರ ಒರಟು ಮಾತು ಗಿರಾಕಿಗಳಿಗೆ ಹಿಡಿಸಲಿಲ್ಲ.

ಆಪರೇಟರಿನ ಕೆಲಸಕ್ಕೆ ಎರಡೂ ಕೈ ಬೇಕು. ಬೋರ್ಡಿನ ಮೇಲೆ ದೀಪವೋ ಮುಚ್ಚಳವೋ ಸೂಚನೆ ಕೊಟ್ಟೊಡನೆ ಒಂದು ತಂತಿಯ ತುದಿಯನ್ನು ಒಂದು ತೂತಿಗೆ, ಇನ್ನೊಂದು ತುದಿಯನ್ನು ಮತ್ತೊಂದು ತೂತಿಗೆ ಸಿಕ್ಕಿಸಬೇಕು, ಚೀಟಿ ಬರೆಯಬೇಕು, ಮಾತು ಮುಗಿದ ಮೇಲೆ ತಂತಿ ಕೀಳಬೇಕು. ಕೇಳುಗೊಳವೆಯನ್ನು ಕೈಯಲ್ಲಿ ಹಿಡಿದರೆ ಇದು ಸಾಗದು. ಎಡಿಸನ್ನನ ಗೆಳೆಯ ಎಜ್ರಾ ಗಿಲ್ಲಿಲ್ಯಾಂಡ್ 1880ರ ದಶಕದಲ್ಲಿ ಇದಕ್ಕೊಂದು ಉಪಾಯ ಹುಡುಕಿದ. ಹೆಗಲ ಮೇಲೆ ಕೂರುವ ಒಂದು ಚೌಕಟ್ಟು, ಅದರಿಂದ ಒಂದು ಕಿವಿಗೆ ಚಾಚಿದ ಕೇಳುಗೊಳವೆ, ಬಾಯಿಯ ಮುಂದೆ ಮಾತಿನ ಗೊಳವೆ. ಇಡೀ ಸರಂಜಾಮು ಕೆಲವು ಕಿಲೋ ತೂಗುತ್ತಿತ್ತು. ನೊಗ ಎನ್ನುವುದಕ್ಕಿಂತ ಒಪ್ಪುವ ಹೆಸರು ಅದಕ್ಕೆ ಇರಲಾರದು. ಆಮೇಲಿನ ಸುಧಾರಣೆಯಲ್ಲಿ ಮಾತಿನ ಗೊಳವೆ ಕೊಂಬಿನಂತೆ ಬಾಗಿ ಎದೆಯ ಮೇಲಿನ ತಗಡಿಗೆ ಇಳಿಯಿತು. ಕೇಳುಗೊಳವೆ ಮಾತ್ರ ಉಕ್ಕಿನ ಪಟ್ಟಿಯೊಂದರ ತುದಿಯಲ್ಲಿ ತಲೆಗೆ ಏರಿತು. ಎತ್ತರಕ್ಕೆ ತುರುಬು ಕಟ್ಟುತ್ತಿದ್ದ ಕಾಲ ಅದು. ತುರುಬಿನ ಮುಂದೆ ಪಟ್ಟಿಯನ್ನು ಕೂರಿಸುವುದೂ ಒಂದು ಕಸುಬಾಗಿತ್ತು. ಆಗಲೂ ಕೇಳುತ್ತಿದ್ದುದು ಒಂದೇ ಕಿವಿ. ಇನ್ನೊಂದು ಕಿವಿ ಮೇಲ್ವಿಚಾರಕಿಯ ಮಾತಿಗೆ ತೆರೆದಿರಬೇಕಿತ್ತು.

ಅದೇ ಕಾಲದಲ್ಲಿ ಮೋಜಿಗಾಗಿ ಕೇಳುವವರೂ ಇದ್ದರು. 1881ರ ಪ್ಯಾರಿಸ್ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾಂ ಅಡೇರ್ ನಾಟಕಶಾಲೆಯ ಸಂಗೀತವನ್ನು ಟೆಲಿಫೋನ್ ತಂತಿಯ ಮೂಲಕ ಕೇಳಿಸಿದ. 1895ರಿಂದ ಲಂಡನ್ನಿನಲ್ಲಿ ಎಲೆಕ್ಟ್ರೋಫೋನ್ ಎಂಬ ಸೇವೆ ಮನೆಮನೆಗೆ ಚಂದಾ ಪಡೆದು ಸಂಗೀತವನ್ನೂ ಚರ್ಚಿನ ಪ್ರವಚನವನ್ನೂ ತಲುಪಿಸಿತು. ಅದರ ಕೇಳುಗರು ಹಿಡಿಕೆಯಿದ್ದ ಜೋಡಿ ಗೊಳವೆಯನ್ನು ಗಲ್ಲದ ಕೆಳಗಿನಿಂದ ಎತ್ತಿ ಕಿವಿಗೆ ಹಿಡಿಯುತ್ತಿದ್ದರು. ಕೈ ಸೋತರೆ ಕೆಳಗಿಡಬಹುದಿತ್ತು. ಬೇಕೆಂದಾಗ ಕೆಳಗಿಡಬಲ್ಲವರ ಉಪಕರಣ ಹಗುರವಾಗಬೇಕೆಂಬ ಆತುರ ಯಾರಿಗೂ ಇರುವುದಿಲ್ಲ. ಹೆಡ್‌ಫೋನಿನ ಚರಿತ್ರೆಯನ್ನು ಧ್ವನಿಯ ಗುಣಮಟ್ಟದ ಚರಿತ್ರೆಯಾಗಿ ಹೇಳುವುದು ರೂಢಿ. ಆದರೆ ಅದರ ಆಕಾರವನ್ನು ಮತ್ತೆ ಮತ್ತೆ ತಿದ್ದಿದವರು ಅದನ್ನು ಕೆಳಗಿಡಲಾಗದೆ ಗಂಟೆಗಟ್ಟಲೆ ಕೂತವರು.

ಫ್ರಾನ್ಸಿನ ಅರ್ನೆಸ್ಟ್ ಮೆರ್ಕಾಡಿಯೆ 1891ರಲ್ಲಿ ಪೇಟೆಂಟ್ ಪಡೆದ ಸಾಧನ ಆ ಕಾಲಕ್ಕೆ ಸಿಗದ ಹಾರಿಕೆ. ತೂಕ ಸುಮಾರು 50 ಗ್ರಾಂ. ಕಿವಿಯ ತೂತಿಗೇ ಸಿಕ್ಕಿಸಿಕೊಳ್ಳಬಹುದಾದ ಎರಡು ಪುಟ್ಟ ಗೊಳವೆಗಳು, ಚರ್ಮ ತರಚದಂತೆ ಅವುಗಳ ಮೂತಿಗೆ ರಬ್ಬರ್ ಹೊದಿಕೆ. ಇಂದಿನ ಇಯರ್‌ಬಡ್ಡಿನ ಅಜ್ಜ ಎಂದು ಅದನ್ನು ಕರೆಯಲು ಅಡ್ಡಿಯಿಲ್ಲ. ಅದು ಬಳಕೆಗೆ ಹಬ್ಬಲಿಲ್ಲ. ಎಕ್ಸ್‌ಚೇಂಜುಗಳು ತಲೆಪಟ್ಟಿಯಲ್ಲೇ ಉಳಿದವು.

ಭಾರಕ್ಕಿಂತ ಹೊತ್ತೇ ದೊಡ್ಡ ಜಗಳವಾದದ್ದು ಕೆನಡಾದಲ್ಲಿ. 1907ರಲ್ಲಿ ಟೊರಾಂಟೊದ ಬೆಲ್ ಟೆಲಿಫೋನ್ ಕಂಪನಿ ಆಪರೇಟರುಗಳ ದಿನದ ಕೆಲಸವನ್ನು ಐದು ಗಂಟೆಯಿಂದ ಎಂಟು ಗಂಟೆಗೆ ಏರಿಸಿತು. ಸಂಬಳ ಹೆಚ್ಚಿತಾದರೂ ಗಂಟೆಯ ಲೆಕ್ಕದಲ್ಲಿ ಅದು ಇಳಿಕೆಯೇ. 400ಕ್ಕೂ ಹೆಚ್ಚು ಹೆಂಗಸರು ಮುಷ್ಕರ ಹೂಡಿದರು. ಸರ್ಕಾರ ಆಯೋಗ ನೇಮಿಸಿತು. ಮುಂದೆ ಆ ದೇಶದ ಪ್ರಧಾನಿಯಾದ ಮೆಕೆಂಜಿ ಕಿಂಗ್ ಅದರಲ್ಲಿ ಒಬ್ಬ ಸದಸ್ಯ. ಕಿವಿಗೊಟ್ಟು ಕೂರುವ ಕೆಲಸದಿಂದ ಆಗುವ ನರಗಳ ದಣಿವು, ತಂತಿಯಿಂದ ತಗಲುವ ವಿದ್ಯುತ್ ಆಘಾತ ಇವುಗಳ ಬಗ್ಗೆ ವೈದ್ಯರು ಆಯೋಗದ ಮುಂದೆ ಸಾಕ್ಷಿ ನುಡಿದರು. ಎಷ್ಟು ಹೊತ್ತು ಕೇಳಬಹುದು ಎಂಬುದು ಒಬ್ಬೊಬ್ಬರ ತಾಳ್ಮೆಗೆ ಬಿಟ್ಟ ವಿಷಯ ಎಂದುಕೊಂಡಿದ್ದ ಕಾಲದಲ್ಲಿ ಅದು ಸರ್ಕಾರಿ ಕಡತಕ್ಕೆ ಏರಿತು.

ನಿಸ್ತಂತು ತಂತ್ರಜ್ಞಾನ ಬಂದ ಮೇಲೆ ಕೇಳುವವರ ಇನ್ನೊಂದು ವರ್ಗ ಹುಟ್ಟಿತು: ಹಡಗಿನ ರೇಡಿಯೊ ಆಪರೇಟರುಗಳು. ಅವರಿಗೆ ಬರುತ್ತಿದ್ದ ಸದ್ದು ತೀರ ಕ್ಷೀಣ. ಆ ಕಾಲದ ಸಾಮಾನ್ಯ ರಿಸೀವರುಗಳಲ್ಲಿ ಧ್ವನಿಯನ್ನು ಹಿಗ್ಗಿಸುವ ವ್ಯವಸ್ಥೆ ಇರಲಿಲ್ಲ. ಆಕಾಶದಿಂದ ಹಿಡಿದ ಅಲೆಯ ಶಕ್ತಿಯೇ ಕಿವಿಯ ಬಳಿಯ ಕಬ್ಬಿಣದ ತೆಳು ಬಿಲ್ಲೆಯನ್ನು ಅಲುಗಿಸಬೇಕು. ಕಾಂತದ ಸುತ್ತ ಕೂದಲಿನಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದರಷ್ಟೇ ಅದು ಸಾಧ್ಯ. ಕಾಂತ, ಕಬ್ಬಿಣ, ತಾಮ್ರ ಮೂರೂ ಸೇರಿ ತೂಕ ಏರುತ್ತಿತ್ತು. ಎರಡೂ ಕಿವಿ ಮುಚ್ಚಿದರಲ್ಲದೆ ಎಂಜಿನ್ನಿನ ಸದ್ದಿನ ನಡುವೆ ಮೋರ್ಸ್ ಸಂಕೇತದ ಚುಕ್ಕಿ ಗೆರೆಗಳು ಬೇರೆಯಾಗಿ ಕೇಳುತ್ತಿರಲಿಲ್ಲ.

ಈ ಹಂತದಲ್ಲಿ ಚರಿತ್ರೆಗೆ ಕಾಲಿಟ್ಟವನು ಅಮೆರಿಕದ ಯೂಟಾ ಪ್ರಾಂತದ ನಥಾನಿಯೆಲ್ ಬಾಲ್ಡ್ವಿನ್. 1910ರಲ್ಲಿ ಅವನಿಂದ ಅಮೆರಿಕದ ನೌಕಾದಳಕ್ಕೆ ಬಣ್ಣದ ಕಾಗದದ ಮೇಲೆ ನೇರಳೆ ಶಾಯಿಯಲ್ಲಿ ಬರೆದ ಒಂದು ಪತ್ರ ಬಂತು, ಜೊತೆಗೆ ಒಂದು ಜೊತೆ ಕೇಳುಗೊಳವೆ. ಅಧಿಕಾರಿಗಳು ಅನುಮಾನದಿಂದಲೇ ಪರೀಕ್ಷೆಗೆ ಇಟ್ಟರು. ತಮ್ಮಲ್ಲಿದ್ದ ಯಾವ ಉಪಕರಣಕ್ಕಿಂತಲೂ ಅದು ಚುರುಕಾಗಿತ್ತು. ಹೆಚ್ಚು ಕಳುಹಿಸು ಎಂದರೆ ಒಮ್ಮೆಗೆ ಹತ್ತಕ್ಕಿಂತ ಹೆಚ್ಚಿನ ಆರ್ಡರ್ ಬೇಡ ಎಂದು ಅವನ ಉತ್ತರ: ಅವನು ಅವನ್ನು ಮಾಡುತ್ತಿದ್ದುದು ಮನೆಯ ಅಡುಗೆಮನೆಯಲ್ಲಿ. ನೌಕಾದಳದ ದೂರು ಧ್ವನಿಯದ್ದಾಗಿರಲಿಲ್ಲ. ತಲೆಪಟ್ಟಿ ಹಿತವಾಗಿಲ್ಲ ಎಂದಿತ್ತು. ಬಾಲ್ಡ್ವಿನ್ ಚರ್ಮ ಹೊದಿಸಿದ ಎರಡು ತಂತಿಸರಳುಗಳ ಪಟ್ಟಿಯೊಂದನ್ನು ಮಾಡಿ ಕಳುಹಿಸಿದ. ಗೊಳವೆಗಳು ಅದರ ಮೇಲೆ ಮೇಲಕ್ಕೂ ಕೆಳಕ್ಕೂ ಸರಿಯುತ್ತಿದ್ದವು, ಅವರವರ ತಲೆಗೆ ತಕ್ಕಂತೆ. ಇದಕ್ಕೆ ಪೇಟೆಂಟ್ ತೆಗೆದುಕೋ ಎಂದು ನೌಕಾದಳದವರು ಹೇಳಿದರೂ, ಇಂಥ ಕ್ಷುಲ್ಲಕ ವಸ್ತುವಿಗೆ ಯಾಕೆ ಎಂದು ಬಿಟ್ಟುಬಿಟ್ಟ. ನೂರು ವರ್ಷಕ್ಕೂ ಮೀರಿ ಬಾಳಿದ ಆಕಾರ ಅದು. ಸಾಲ್ಟ್ ಲೇಕ್ ಸಿಟಿಯ ಹೊರವಲಯದಲ್ಲಿ ಕಾರ್ಖಾನೆ ಕಟ್ಟಿ ಶ್ರೀಮಂತನಾದ ಬಾಲ್ಡ್ವಿನ್ ಮುಂದೆ ಧಾರ್ಮಿಕ ಬಣವೊಂದಕ್ಕೆ ಹಣ ಸುರಿದು ದಿವಾಳಿಯಾದ, ಜೈಲನ್ನೂ ಕಂಡ. ಆ ಕಥೆಗೆ ಬೇರೆಯೇ ಪುಸ್ತಕ ಬೇಕು.

ಬಾಲ್ಡ್ವಿನ್ನನ ಪತ್ರ ಬಂದ ಎರಡು ವರ್ಷಕ್ಕೆ, 1912ರ ಏಪ್ರಿಲ್ ರಾತ್ರಿ, ಹೆಡ್‌ಫೋನು ತಲೆಯ ಮೇಲೆ ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ಅಂತರ ಜಗತ್ತಿಗೆಲ್ಲ ತಿಳಿಯಿತು. ಟೈಟಾನಿಕ್ ಮುಳುಗುತ್ತಿದ್ದಾಗ ಕಾರ್ಪೇಥಿಯಾ ಹಡಗಿನಲ್ಲಿದ್ದವನು ಹೆರಾಲ್ಡ್ ಕಾಟಮ್ ಎಂಬ ಒಬ್ಬನೇ ಆಪರೇಟರ್. ಅವನ ಪಾಳಿ ಮುಗಿದಿತ್ತು. ಹಿಂದಿನ ಒಂದು ಸಂದೇಶಕ್ಕೆ ಉತ್ತರ ಬರಬೇಕಿತ್ತೆಂದು ಮಲಗಲು ಬಟ್ಟೆ ಬದಲಿಸುತ್ತಲೇ ಹೆಡ್‌ಫೋನನ್ನು ಕಿವಿಯಲ್ಲಿ ಉಳಿಸಿಕೊಂಡಿದ್ದ. ಬದುಕಿ ಉಳಿದ 700ಕ್ಕೂ ಹೆಚ್ಚು ಜನರನ್ನು ಜೀವರಕ್ಷಕ ದೋಣಿಗಳಿಂದ ಎತ್ತಿಕೊಂಡದ್ದು ಆ ಹಡಗು. ಹತ್ತಿರದಲ್ಲೇ ಇದ್ದ ಕ್ಯಾಲಿಫೋರ್ನಿಯನ್ ಹಡಗಿನ ಒಬ್ಬನೇ ಆಪರೇಟರ್ ಆಗಲೇ ಮಲಗಿದ್ದ. ಅದೇ ವರ್ಷ ಅಮೆರಿಕ ಕಾನೂನು ಮಾಡಿ ಪ್ರಯಾಣಿಕ ಹಡಗುಗಳಲ್ಲಿ ಹಗಲೂ ರಾತ್ರಿ ಯಾರಾದರೂ ಕೇಳುತ್ತಿರಲೇಬೇಕು ಎಂದಿತು. 1914ರ ಅಂತಾರಾಷ್ಟ್ರೀಯ ಒಪ್ಪಂದವೂ ಅದನ್ನೇ ಹೇಳಿತು. ಬಿಡುವಿಲ್ಲದೆ ಕೇಳುವುದು ಹೀಗೆ ಕಾನೂನಿನ ಕರ್ತವ್ಯವಾಯಿತು.

1920ರ ದಶಕದಲ್ಲಿ ಹರಳು ರೇಡಿಯೊ ಮನೆಗೆ ಬಂದು ಹೆಡ್‌ಫೋನ್ ಕೆಲವು ವರ್ಷ ಮನೆಮಾತಾಯಿತು. ಲೌಡ್‌ಸ್ಪೀಕರ್ ಬಂದದ್ದೇ ತಡ, ಮನೆಯವರು ಅದನ್ನು ಕಪಾಟಿಗೆ ಹಾಕಿದರು. ತಾಂತ್ರಿಕ ತಿರುವು ಬಂದದ್ದು ಜರ್ಮನಿಯಿಂದ. 1924ರಲ್ಲಿ ಬರ್ಲಿನ್ನಿನಲ್ಲಿ ಅಂಗಡಿ ಹೂಡಿದ ಓಯ್ಗೆನ್ ಬೇಯರ್ ಅವರ ಕಂಪನಿ 1937ರಲ್ಲಿ ಡಿಟಿ 48 ಎಂಬ ಹೆಡ್‌ಫೋನ್ ತಂದಿತು. ಅದರಲ್ಲಿ ಕಬ್ಬಿಣದ ಬಿಲ್ಲೆಯ ಬದಲು ಹಗುರ ಪೊರೆಗೆ ಅಂಟಿದ ತಂತಿಸುರುಳಿಯೇ ಅಲುಗುತ್ತಿತ್ತು. ಇಂದಿನ ಬಹುಪಾಲು ಹೆಡ್‌ಫೋನುಗಳು ಕೆಲಸ ಮಾಡುವುದು ಈ ಕ್ರಮದಲ್ಲಿಯೇ. 2012ರವರೆಗೂ ಮಾರಾಟದಲ್ಲಿದ್ದ ಈ ಮಾದರಿಯನ್ನು ರೇಡಿಯೊ ಕೇಂದ್ರದವರೂ ಧ್ವನಿಮುದ್ರಕರೂ ಬಿಡದೆ ಬಳಸಿದರು. 1958ರಲ್ಲಿ ಅಮೆರಿಕದ ಮಿಲ್ವಾಕಿಯ ಜಾನ್ ಕಾಸ್ ಸ್ಟೀರಿಯೊ ಹೆಡ್‌ಫೋನನ್ನು ಸಂಗೀತದ ಗಿರಾಕಿಗಳಿಗೆ ತಂದರು. ಧ್ವನಿ ಶ್ರೀಮಂತವಾಯಿತು, ತಲೆಯ ಹೊರೆಯೂ ಬೆಳೆಯಿತು. ಆ ಕಂಪನಿಯ ಪ್ರೊ 4ಎಎ ಮಾದರಿ ಅರ್ಧ ಕಿಲೋಕ್ಕೂ ತುಸು ಹೆಚ್ಚು ತೂಗುತ್ತಿತ್ತು. ಕಿವಿಯ ಸುತ್ತ ದ್ರವ ತುಂಬಿದ ಮೆತ್ತೆ ಇಟ್ಟು ಒತ್ತಡವನ್ನು ಹಂಚಿದ್ದರಿಂದ ಅದನ್ನು ತಾಳಿಕೊಳ್ಳಬಹುದಿತ್ತು.

ಹಿತದ ಲೆಕ್ಕಾಚಾರ ಎಲ್ಲಿ ಸಿಕ್ಕಿಬೀಳುತ್ತದೆ ಎಂಬುದನ್ನು ಈ ಮೆತ್ತೆಯೇ ತೋರಿಸುತ್ತದೆ. ಹೊರಗಿನ ಸದ್ದು ತಡೆಯಲೂ, ಮಂದ್ರದ ಸ್ವರ ಸೋರದಿರಲೂ ಬಟ್ಟಲು ಕಿವಿಯ ಸುತ್ತ ಸಂದಿಲ್ಲದಂತೆ ಕೂರಬೇಕು. ಸಂದಿಲ್ಲದಿರಲು ಪಟ್ಟಿ ಬಿಗಿಯಬೇಕು. ಬಿಗಿದಷ್ಟೂ ದವಡೆ, ಕಿವಿಯ ಹಿಂದಿನ ಎಲುಬು, ಕನ್ನಡಕದ ಕಡ್ಡಿ ಹಾಯುವ ಜಾಗ ನೋಯುತ್ತವೆ. ಕಾರ್ಖಾನೆಯಲ್ಲಿ ಬಳಸುವ ಕಿವಿಗಾಪುಗಳಿಗೆ ಯುರೋಪಿನ ಮಾನದಂಡ ಈ ಬಿಗಿತಕ್ಕೆ 14 ನ್ಯೂಟನ್ ಮಿತಿ ಹಾಕಿದೆ. ದಿನವಿಡೀ ಹಾಕಿಕೊಳ್ಳುವ ಹೆಡ್‌ಫೋನಿಗೆ ಅಷ್ಟು ಬಿಗಿತ ಹಿಂಸೆ. ಇನ್ನು ಸಂದಿಲ್ಲದ ಕಡೆ ಗಾಳಿಯೂ ಆಡುವುದಿಲ್ಲ: ರೆಕ್ಸಿನ್ ಮೆತ್ತೆಯ ಕೆಳಗೆ ಅರ್ಧ ಗಂಟೆಗೆ ಬೆವರು. ತೂಕ, ಬಿಗಿತ, ಸೆಕೆ ಈ ಮೂರರಲ್ಲಿ ಒಂದನ್ನು ಇಳಿಸಿದರೆ ಇನ್ನೊಂದು ಏರುತ್ತದೆ. ಆಮೇಲೆ ಬಂದ ಹೆಸರಾಂತ ಮಾದರಿಗಳೆಲ್ಲ ಈ ಮೂರರ ನಡುವೆ ಒಂದೊಂದು ರಾಜಿ.

ವಿಮಾನದ ಚಾಲಕರು ಹುಡುಕಿದ ರಾಜಿ ತೂಕದ್ದು. 1961ರಲ್ಲಿ ಕೋರ್ಟ್ನಿ ಗ್ರಹಾಂ ಮತ್ತು ಕೀತ್ ಲಾರ್ಕಿನ್ ಎಂಬ ಇಬ್ಬರು ಚಾಲಕರು ಕ್ಯಾಲಿಫೋರ್ನಿಯಾದಲ್ಲಿ ಪೆಸಿಫಿಕ್ ಪ್ಲಾಂಟ್ರಾನಿಕ್ಸ್ ಎಂಬ ಕಂಪನಿ ಹೂಡಿದರು. ಅವರ ಎಂಎಸ್ 50 ಹೆಡ್‌ಸೆಟ್ಟಿನಲ್ಲಿ ಸ್ಪೀಕರನ್ನೂ ಮೈಕನ್ನೂ ಟ್ರಾನ್ಸಿಸ್ಟರ್ ಯುಗದ ಪುಟ್ಟ ಡಬ್ಬಿಯಲ್ಲಿ ಕಿವಿಯ ಬಳಿ ಇಟ್ಟು, ಬಾಯಿಯ ತನಕ ಒಂದು ತೆಳು ಪ್ಲಾಸ್ಟಿಕ್ ಕೊಳವೆ ಚಾಚಿದ್ದರು. ಮೊದಲ ಚೌಕಟ್ಟಿನ ಕಿಲೋಗಳ ಲೆಕ್ಕ ಇಲ್ಲಿ ಕೆಲವು ಹತ್ತು ಗ್ರಾಮಿಗೆ ಇಳಿದಿತ್ತು. ಅಮೆರಿಕದ ವಾಯುಸಂಚಾರ ನಿಯಂತ್ರಕರು ಅದನ್ನು ಹಾಕಿಕೊಂಡರು, ಬಾಹ್ಯಾಕಾಶ ಸಂಸ್ಥೆ ನಾಸಾ ಕೂಡ. 1969ರಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲಿಂದ ಆಡಿದ ಮಾತು ಭೂಮಿಗೆ ಬಂದದ್ದು ಇದೇ ಕಂಪನಿಯ ಹೆಡ್‌ಸೆಟ್ಟಿನ ಮೂಲಕ.

ಜರ್ಮನಿಯ ಸೆನ್‌ಹೈಸರ್ 1968ರಲ್ಲಿ ತಂದ ಎಚ್‌ಡಿ 414 ಮಾದರಿ ಸೆಕೆಯನ್ನು ಹಿಡಿಯಿತು. ಬಟ್ಟಲಿನ ಬೆನ್ನನ್ನೇ ತೆರೆದಿಟ್ಟು, ಮೆತ್ತೆಯ ಜಾಗದಲ್ಲಿ ಗಾಳಿಯಾಡುವ ಹಳದಿ ಸ್ಪಂಜು ಇಟ್ಟರು. ತೆರೆದ ಬೆನ್ನಿನ ಮೊದಲ ಹೆಡ್‌ಫೋನ್ ಅದು. ಬಿಗಿತ ಬೇಕಿಲ್ಲ, ಬೆವರಿಲ್ಲ, ಸ್ಪಂಜು ಕೊಳೆಯಾದರೆ ತೊಳೆದು ಹಾಕಬಹುದು. ಆದರೆ ಒಳಗಿನದ್ದು ಪಕ್ಕದವರಿಗೂ, ಪಕ್ಕದವರದ್ದು ಒಳಗೂ ಕೇಳುತ್ತಿತ್ತು. ಒಂಟಿ ಕೋಣೆಯಲ್ಲಿ ಕೂತು ಕೇಳುವವರಿಗೆ ಇಂದಿಗೂ ಇದಕ್ಕಿಂತ ಹಿತವಾದ ದಾರಿ ಇಲ್ಲ. ಹತ್ತು ಜನ ಒಂದೇ ಹಾಲಿನಲ್ಲಿ ಕೂರುವ ಕಚೇರಿಗೆ ಇದು ಒಗ್ಗದು. 1979ರ ಜುಲೈನಲ್ಲಿ ಸೋನಿ ವಾಕ್‌ಮನ್ ಜೊತೆಗೆ ಬಂದ ಸ್ಪಂಜಿನ ಹೆಡ್‌ಫೋನು ಇದೇ ಜಾಡಿನದು, ತೂಕ ಸುಮಾರು 45 ಗ್ರಾಂ. ತೊಂಬತ್ತರ ದಶಕದ ಬಸ್ಸುಗಳಲ್ಲಿ, ಹಾಸ್ಟೆಲುಗಳಲ್ಲಿ ಕಿವಿಯ ಮೇಲಿದ್ದ ಕಪ್ಪು ಸ್ಪಂಜುಗಳಿಗೆಲ್ಲ ಮೂಲ ಅಲ್ಲಿದೆ.

ಭಾರತದಲ್ಲಿ ಕೆಲಸದ ಹೆಡ್‌ಫೋನಿನ ಕಥೆ 1882ರಲ್ಲಿ ಕೋಲ್ಕತ್ತ, ಮುಂಬೈ, ಚೆನ್ನೈಗಳಲ್ಲಿ ಎಕ್ಸ್‌ಚೇಂಜ್ ತೆರೆದಲ್ಲಿಂದ ಶುರುವಾಗುತ್ತದೆ. ಆಪರೇಟರ್ ಕುರ್ಚಿಗಳಲ್ಲಿ ಬಹುಕಾಲ ಹೆಚ್ಚಾಗಿ ಕಂಡವರು ಆಂಗ್ಲೋ ಇಂಡಿಯನ್ ಹೆಂಗಸರು. ಸ್ವಾತಂತ್ರ್ಯದ ನಂತರವೂ ದೂರದ ಊರಿಗೆ ಮಾತಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು: ಆರ್ಡಿನರಿ, ಅರ್ಜೆಂಟ್, ಅದಕ್ಕೂ ಮೇಲೆ ಲೈಟ್ನಿಂಗ್. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಮಾತು ಹಾಯುವಾಗ ನಡುವೆ ಒಬ್ಬ ಆಪರೇಟರಿನ ಕಿವಿ ಇರುತ್ತಿತ್ತು. ಸಾವಿನ ಸುದ್ದಿ, ಹೆರಿಗೆಯ ಸುದ್ದಿ, ದರದ ಚೌಕಾಸಿ ಎಲ್ಲಕ್ಕೂ ಅದೇ ದಾರಿ. ಈ ಕಿವಿಗಳ ಕೆಲಸವನ್ನು ಕಡಿಮೆ ಮಾಡಿದ ಯಂತ್ರಗಳು ತಯಾರಾದದ್ದು ಬೆಂಗಳೂರಿನಲ್ಲಿಯೇ. 1948ರಲ್ಲಿ ಶುರುವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ಜನರ ಬಾಯಲ್ಲಿ ಐಟಿಐ, ದೂರವಾಣಿನಗರದ ಕಾರ್ಖಾನೆಯಲ್ಲಿ ಫೋನುಗಳನ್ನೂ ಸ್ಟ್ರೌಜರ್ ಮಾದರಿಯ ಸ್ವಯಂಚಾಲಿತ ಎಕ್ಸ್‌ಚೇಂಜುಗಳನ್ನೂ ಮಾಡಿತು. 1960ರಲ್ಲಿ ಕಾನ್ಪುರ ಲಖನೌ ನಡುವೆ ದೇಶದ ಮೊದಲ ಎಸ್‌ಟಿಡಿ ಮಾರ್ಗ ಬಂತು. ಎಂಬತ್ತರ ದಶಕದಲ್ಲಿ ಬೀದಿಬೀದಿಯ ಹಳದಿ ಬೂತುಗಳು ತಲೆಯೆತ್ತಿದ ಮೇಲೆ ಟ್ರಂಕ್ ಎಕ್ಸ್‌ಚೇಂಜಿನ ಹೆಡ್‌ಸೆಟ್ಟುಗಳು ಮೊಳೆಗೆ ನೇತುಬಿದ್ದವು.

ಹತ್ತು ಹದಿನೈದು ವರ್ಷ ಕಳೆಯುವಷ್ಟರಲ್ಲಿ ಅದೇ ಬೆಂಗಳೂರಿಗೆ ಹೆಡ್‌ಸೆಟ್ ವಾಪಸಾಯಿತು, ಈ ಸಲ ಸಾವಿರಗಳ ಲೆಕ್ಕದಲ್ಲಿ. 2000ದ ಆಸುಪಾಸಿನಲ್ಲಿ ತೆರೆದ ಕಾಲ್ ಸೆಂಟರುಗಳಲ್ಲಿ ಅಮೆರಿಕದ ಹಗಲಿಗೆ ಹೊಂದಿಸಿದ ನೈಟ್ ಶಿಫ್ಟಿಗೆ ಯುವಕ ಯುವತಿಯರು ಕ್ಯಾಬುಗಳಲ್ಲಿ ಬಂದು ಕೂತರು. ಎಕ್ಸ್‌ಚೇಂಜಿನ ಪಾಠಗಳೆಲ್ಲ ಮರಳಿ ಬಂದವು. ಒಂದು ಕಿವಿಯ ಹೆಡ್‌ಸೆಟ್ ಹಗುರ, ಪಕ್ಕದ ಟೀಮ್ ಲೀಡರ್ ಕರೆದರೆ ಕೇಳುತ್ತದೆ. ಆದರೆ ಹಾಲಿನ ಗದ್ದಲದಲ್ಲಿ ಆ ಕಡೆಯ ಅಪರಿಚಿತ ಉಚ್ಚಾರಣೆ ಹಿಡಿಯಲು ಎರಡು ಕಿವಿಯದ್ದೇ ಬೇಕು. ತನ್ನ ಮಾತು ತನ್ನ ಕಿವಿಗೆ ಸ್ವಲ್ಪ ಮರಳಿ ಕೇಳುವಂತೆ ಮಾಡುವ ಸೈಡ್‌ಟೋನ್ ಎಂಬ ಏರ್ಪಾಡು ಹಳೆಯ ಟೆಲಿಫೋನಿನ ಕಾಲದ್ದು. ಅದಿಲ್ಲದ ಹೆಡ್‌ಸೆಟ್ ಹಾಕಿದವರು ತಮಗರಿವಿಲ್ಲದೆ ಕೂಗಿ ಮಾತಾಡುತ್ತಾರೆ, ಪಾಳಿ ಮುಗಿಯುವಾಗ ಗಂಟಲು ಕಟ್ಟಿರುತ್ತದೆ. ಫ್ಯಾಕ್ಸಿನ ಕಿರಿಚು, ಲೈನಿನ ಶಿಳ್ಳೆ ಒಮ್ಮೆಲೇ ಕಿವಿಗೆ ಬಡಿದು ನೋವು, ಗುಂಯ್‌ಗುಡುವಿಕೆ ಉಳಿಯುವ ತೊಂದರೆಗೆ ತೊಂಬತ್ತರ ದಶಕದಿಂದೀಚೆಗೆ ಅಕೌಸ್ಟಿಕ್ ಶಾಕ್ ಎಂಬ ಹೆಸರು ಬಿದ್ದಿದೆ. ಒಳ್ಳೆಯ ಕಾಲ್ ಸೆಂಟರ್ ಹೆಡ್‌ಸೆಟ್ಟುಗಳು ಅಂಥ ಸದ್ದಿಗೆ ಮಿತಿ ಹಾಕುವ ಸರ್ಕ್ಯೂಟ್ ಇಟ್ಟುಕೊಂಡಿರುತ್ತವೆ.

ಬಿಗಿತಕ್ಕೆ ಮದ್ದು ಸಿಕ್ಕಿದ್ದು ಸದ್ದನ್ನು ಸದ್ದಿನಿಂದಲೇ ಅಳಿಸುವ ಉಪಾಯದಲ್ಲಿ. ಬರುವ ಅಲೆಗೆ ಸರಿಯಾಗಿ ತಿರುಗುಮುರುಗಾದ ಅಲೆಯನ್ನು ಎದುರಿಟ್ಟರೆ ಎರಡೂ ಕರಗುತ್ತವೆ ಎಂಬ ತತ್ವಕ್ಕೆ ಜರ್ಮನಿಯ ಪೌಲ್ ಲ್ಯೂಗ್ 1936ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದ. ಅದನ್ನು ಬಳಕೆಗೆ ತಂದವರಲ್ಲಿ ಮುಖ್ಯರು ಬಂಗಾಳಿ ತಂದೆಯ ಮಗ, ಎಂಐಟಿಯ ಪ್ರಾಧ್ಯಾಪಕ ಅಮರ್ ಬೋಸ್. 1978ರಲ್ಲಿ ಜೂರಿಕ್‌ನಿಂದ ಬಾಸ್ಟನ್ನಿಗೆ ಹಾರುವಾಗ ವಿಮಾನದಲ್ಲಿ ಕೊಟ್ಟ ಹೆಡ್‌ಫೋನಿನಲ್ಲಿ ಎಂಜಿನ್ನಿನ ಮೊರೆತದ ನಡುವೆ ಸಂಗೀತವೇ ಕೇಳದಿದ್ದುದು ಅವರ ಕೆಲಸಕ್ಕೆ ನೆಪ. 1986ರಲ್ಲಿ ಎಲ್ಲೂ ಇಳಿಯದೆ, ಇಂಧನ ತುಂಬದೆ ಒಂಬತ್ತು ದಿನ ಭೂಮಿ ಸುತ್ತಿದ ವಾಯೇಜರ್ ವಿಮಾನದ ಇಬ್ಬರು ಚಾಲಕರ ಬಳಿ ಇದರ ಪ್ರಯೋಗದ ಮಾದರಿಗಳಿದ್ದವು. 1989ರಲ್ಲಿ ಚಾಲಕರಿಗೆ, 2000ದಲ್ಲಿ ಸಾಮಾನ್ಯ ಗಿರಾಕಿಗಳಿಗೆ ಅದು ಮಾರುಕಟ್ಟೆಗೆ ಬಂತು. ಫ್ಯಾನು, ಎಸಿ, ಎಂಜಿನ್ನಿನಂಥ ಒಂದೇ ಸಮನೆಯ ಮಂದ್ರ ಸದ್ದನ್ನು ಸರ್ಕ್ಯೂಟೇ ಅಳಿಸಿದರೆ ಪಟ್ಟಿ ಅಷ್ಟು ಬಿಗಿಯಬೇಕಿಲ್ಲ, ವಾಲ್ಯೂಮನ್ನೂ ಏರಿಸಬೇಕಿಲ್ಲ. ನಾಸಾದ ಸಂಶೋಧನೆಯಿಂದ 1966ರಲ್ಲಿ ಹುಟ್ಟಿದ, ಒತ್ತಿದ ಆಕಾರಕ್ಕೆ ನಿಧಾನವಾಗಿ ಹೊಂದಿಕೊಳ್ಳುವ ಮೆಮರಿ ಫೋಮ್ ಈಗ ಇಂಥ ಹೆಡ್‌ಫೋನುಗಳ ಮೆತ್ತೆಗಳಿಗೆ ಇಳಿದಿದೆ. ಕೆಲವರಿಗೆ ಮಾತ್ರ ಈ ಕೃತಕ ಮೌನ ಕಿವಿಯೊಳಗೆ ಏನೋ ಅದುಮಿದಂತೆ ಅನ್ನಿಸುತ್ತದೆ. ಅವರಿಗೆ ಇದು ಸಲ್ಲದು.

2020ರ ಮಾರ್ಚಿನ ಲಾಕ್‌ಡೌನ್ ಈ ಉಪಕರಣವನ್ನು ಎಕ್ಸ್‌ಚೇಂಜು, ಕಾಕ್‌ಪಿಟ್ಟು, ಕಾಲ್ ಸೆಂಟರುಗಳಾಚೆ ಮಾಸ್ತರರು, ಲೆಕ್ಕಿಗರು, ವಕೀಲರ ತಲೆಗೂ ಏರಿಸಿತು. ಕೊಳ್ಳುವವರು ಈಗಲೂ ಅಂಗಡಿಯಲ್ಲಿ ಎರಡು ನಿಮಿಷ ಹಾಡು ಕೇಳಿ ತೀರ್ಮಾನಿಸುತ್ತಾರೆ. ಆ ಎರಡು ನಿಮಿಷದಲ್ಲಿ ಧ್ವನಿ ತಿಳಿದೀತು, ನೆತ್ತಿಯ ನೋವು ತಿಳಿಯುವುದು ಎರಡನೆಯ ಗಂಟೆಯಲ್ಲಿ. ಕನ್ನಡಕ ಹಾಕುವವರು ಕನ್ನಡಕದೊಂದಿಗೇ ಹಾಕಿ ನೋಡಬೇಕು. ಬಟ್ಟಲು ಕಿವಿಯ ಹಾಲೆಯನ್ನು ಪೂರ್ತಿ ಒಳಗೆ ತೆಗೆದುಕೊಳ್ಳುತ್ತದೆಯೇ, ಮೆತ್ತೆ ಬೇರೆಯಾಗಿ ಕೊಳ್ಳಲು ಸಿಗುತ್ತದೆಯೇ ಎಂಬುದು ವಿಚಾರಿಸಬೇಕಾದ ಪ್ರಶ್ನೆಗಳು, ಯಾಕೆಂದರೆ ಎಲ್ಲಕ್ಕಿಂತ ಮೊದಲು ಸವೆದು ಉದುರುವುದು ಮೆತ್ತೆ. ಬೆಂಗಳೂರಿನ ಹವೆಗೆ ಸರಿಹೋದ ರೆಕ್ಸಿನ್ ಮೆತ್ತೆ ಮಂಗಳೂರಿನ ಏಪ್ರಿಲ್ಲಿಗೆ ಸರಿಹೋಗದು. ಅಲ್ಲಿ ಬಟ್ಟೆಯ ಹೊದಿಕೆಯೇ ಮೇಲು. ಕಿವಿಯ ತೂತಿಗೆ ಇಡುವ ಬಡ್‌ಗಳಿಗೆ ತೂಕವೂ ಇಲ್ಲ, ಸೆಕೆಯೂ ಕಡಿಮೆ, ಆದರೆ ತೂತು ಮುಚ್ಚಿದಾಗ ತನ್ನ ಮಾತೇ ಕೊಡದೊಳಗಿನಿಂದ ಬಂದಂತೆ ಗುಡುಗುವುದರಿಂದ ದಿನವಿಡೀ ಮಾತಾಡುವವರು ಬೇಗ ಬೇಸರಪಡುತ್ತಾರೆ.

ಇವೆಲ್ಲ ಹೊಂದಿದ ಮೇಲೆ ಉಳಿಯುವುದು ಹೊತ್ತಿನ ಪ್ರಶ್ನೆ, ಟೊರಾಂಟೊದ ಹೆಂಗಸರು ಎತ್ತಿದ್ದು. ಹಿತವಾದ ಹೆಡ್‌ಫೋನಿನ ಅಪಾಯವೂ ಅಲ್ಲೇ ಇದೆ: ನೋಯದಿದ್ದರೆ ತೆಗೆದಿಡುವ ನೆನಪೇ ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ 2019ರಲ್ಲಿ ಪ್ರಕಟಿಸಿದ ಮಾನದಂಡ ವಯಸ್ಕರಿಗೆ 80 ಡೆಸಿಬೆಲ್ ಸದ್ದಿನಲ್ಲಿ ವಾರಕ್ಕೆ 40 ಗಂಟೆ ಸುರಕ್ಷಿತ ಎನ್ನುತ್ತದೆ. ದಿನಕ್ಕೆ ಎಂಟು ಗಂಟೆಯಂತೆ ಐದು ದಿನದ ಕೆಲಸದ ವಾರಕ್ಕೆ ಅದು ಸರಿಯಾಗಿ ಸಾಕು. ಪ್ರತಿ 3 ಡೆಸಿಬೆಲ್ ಏರಿಕೆಗೆ ಹೊತ್ತು ಅರ್ಧವಾಗುತ್ತದೆ. ವಾಲ್ಯೂಮನ್ನು 83 ಡೆಸಿಬೆಲ್ಲಿಗೆ ಏರಿಸಿದರೆ ವಾರದ ಪಾಲು 20 ಗಂಟೆ. ಸೋಮವಾರ ಬೆಳಿಗ್ಗೆ ಶುರುವಾದದ್ದು ಬುಧವಾರ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿದಿರುತ್ತದೆ.